ಕತ್ತೆಯಿಳುಕಲು

ಮಾಳಮ್ಮನ ಗುಡ್ಡಕ್ಕೆ ಹೋಗುವವರು ಹೊನ್ನೆಮರಡಿ ಕ್ರಾಸಿನಲ್ಲಿ ಬಸ್ಸಿಳಿದು ರೈಲು ಹಳಿ ದಾಟಬೇಕು. ಗೇಟು ಹಾಕಿದ್ದರೆ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದೇ ಒಂದು ನೋಟ. ಮೂಡಲಿಂದ ಬಂದ ರೈಲು ಗುಡ್ಡದ ಬುಡವನ್ನು ಬಳಸಿಕೊಂಡು ಮರೆಯಾಗುತ್ತದೆ. ಹೋಯಿತು ಎಂದು ಜನ ಚೀಲ ಎತ್ತಿಕೊಳ್ಳುವ ಹೊತ್ತಿಗೆ ಅದೇ ರೈಲು ತುಸು ಮೇಲೆ, ಬಂದ ದಿಕ್ಕಿಗೇ ಮುಖ ಮಾಡಿಕೊಂಡು, ಮತ್ತೆ ಕಾಣಿಸಿಕೊಳ್ಳುತ್ತದೆ. ಹಳಿಯ ಪಕ್ಕದಲ್ಲಿ ಸೊಂಟದೆತ್ತರದ ಒಂದು ಕಂಬವಿದೆ. ಅದಕ್ಕೆ ಓರೆಯಾಗಿ ಕೂರಿಸಿದ ಒಂದು ಕೈ, ಕೈಯ ಮೇಲೆ ನೂರು ಎಂಬ ಅಂಕಿ. ಅದೇನೆಂದು ಗೇಟಿನವನನ್ನು ಕೇಳಿದರೆ, "ನೂರಡಿ ಮುಂದಕ್ಕೆ ಹೋದ್ರೆ ಒಂದಡಿ ಮೇಲಕ್ಕೆ ಹೋಗ್ತದೆ ಅಂತ. ಅದಕ್ಕಿಂತ ಜಾಸ್ತಿ ಏರಿಸಿದ್ರೆ ಇಂಜಿನ್ನು ಹಟಕ್ಕೆ ಬೀಳ್ತದೆ, ನಮ್ಮನೆ ಹುಡುಗರ ಹಂಗೆ," ಎನ್ನುತ್ತಾನೆ. ಅಷ್ಟು ದೊಡ್ಡ ಯಂತ್ರವೂ ಗುಡ್ಡದೆದುರು ಇಷ್ಟು ತಗ್ಗಿ ಬಗ್ಗಿ ನಡೆಯಬೇಕೇ ಎಂದು ಅಚ್ಚರಿಪಡುತ್ತ ತಲೆಯೆತ್ತಿದರೆ, ಕಣ್ಣಿಗೆ ಬೀಳುವುದು ಹಳೆಯ ದಾರಿ. ಅದು ತಗ್ಗಿಲ್ಲ, ಬಗ್ಗಿಲ್ಲ. ಬುಡದಿಂದ ನೆತ್ತಿಯವರೆಗೆ, ಬೈತಲೆ ತೆಗೆದಂತೆ, ನೆಟ್ಟಗೆ ಗುಡ್ಡವನ್ನು ಸೀಳಿಕೊಂಡು ಹೋಗಿದೆ.

ಪಂಚಾಯಿತಿಯವರು ಅಲ್ಲಿ ಹಾಕಿಸಿರುವ ಫಲಕದಲ್ಲಿ 'ದೇವಿಪಾದದ ಹಾದಿ' ಎಂದಿದೆ. ಆ ಹೆಸರನ್ನು ಫಲಕ ಬಿಟ್ಟರೆ ಬೇರೆ ಯಾರೂ ಹೇಳುವುದಿಲ್ಲ. ಬಸ್ಸಿನ ಕಂಡಕ್ಟರು ಕೂಗುವುದು "ಕತ್ತೆಯಿಳುಕಲು ಯಾರ್ರೀ, ಬೇಗ ಇಳೀರಿ" ಎಂದೇ. ಹೊಸಬರು ನಗುತ್ತಾರೆ. ದೇವಸ್ಥಾನಕ್ಕೆ ಹತ್ತುವ ದಾರಿಗೆ ಇಳುಕಲು ಎನ್ನುವುದೇಕೆ, ಅದರಲ್ಲಿ ಕತ್ತೆ ಬಂದದ್ದೆಲ್ಲಿಂದ ಎಂದು ಕೇಳುತ್ತಾರೆ. ಹೊನ್ನೆಮರಡಿಯ ಹಿರಿಯರು ಮೊದಲು ಮಾತು ತೇಲಿಸಿಬಿಡುತ್ತಾರೆ. ಕೇಳುವವರು ಕೂತೇ ಇದ್ದರೆ ಮಾತ್ರ ಹೇಳುತ್ತಾರೆ.

ಹಿಂದೆ ಒಮ್ಮೆ, ಗುಡ್ಡದ ನೆತ್ತಿಯಲ್ಲಿ ಕೋಟೆಯಿದ್ದ ಕಾಲದಲ್ಲಿ, ಬಿಲ್ಲನಾಯಕನೆಂಬ ಪಾಳೆಯಗಾರನು ಅಲ್ಲಿ ಆಳುತ್ತಿದ್ದನಂತೆ. ಕೋಟೆಯೊಳಗೆ ನೀರಿತ್ತು, ಗುಡಿಯಿತ್ತು, ಕಣಜವಿತ್ತು. ಕಣಜ ತುಂಬಿಸಲು ದಾರಿಯಿರಲಿಲ್ಲ. ಕಾಳೆಲ್ಲ ಆಳುಗಳ ತಲೆಯ ಮೇಲೆಯೇ ಹತ್ತಬೇಕು, ಹತ್ತಿದವರು ಅರ್ಧ ದಿನ ಅಲ್ಲೇ ಮಲಗಬೇಕು. ಗಾಡಿ ಹತ್ತುವ ದಾರಿಯೊಂದು ಬೇಕೆಂದು ನಾಯಕನು ಬೋವಿ ಜನರನ್ನು ಕರೆಸಿದನು. ಕಲ್ಲೊಡೆದು, ಮಣ್ಣು ಹೊತ್ತು, ಊರೂರಿಗೆ ದಾರಿ ಕಟ್ಟಿಕೊಟ್ಟು, ತಾವು ಮಾತ್ರ ಯಾವ ಊರಿನಲ್ಲೂ ಎರಡನೆಯ ಮಳೆಗಾಲ ಕಾಣದ ಜನ ಅವರು. ಅವರ ಯಜಮಾನ ಗಾಳೆಪ್ಪ. ಅವನ ಹೆಂಡತಿ ತಿಪ್ಪಕ್ಕ, ಗುಂಪಿನ ಕತ್ತೆಗಳನ್ನೆಲ್ಲ ಸಾಕುವವಳು. ದಾರಿಯ ಮೇಲೆ ಮೊದಲ ಗಾಡಿ ಹತ್ತಿದ ದಿನ ಗುಡ್ಡದ ಬುಡದ ಹೊಲಗಳನ್ನು ನಿಮ್ಮ ಜನರಿಗೇ ಬಿಡುತ್ತೇನೆ ಎಂದು ನಾಯಕನು ಮಾತು ಕೊಟ್ಟನು. ಆ ದಿನ ತಿಪ್ಪಕ್ಕ ಬಿಡಾರಕ್ಕೆ ಬಂದು ಒಲೆಯ ಮೂರು ಕಲ್ಲುಗಳನ್ನು ಎಂದಿನಂತೆ ಸುಮ್ಮನೆ ಇಡದೆ ಅರ್ಧದಷ್ಟು ನೆಲದಲ್ಲಿ ಹೂತಳು ಎನ್ನುತ್ತಾರೆ.

ದಾರಿಯ ಗುರುತು ಹಾಕುವುದಕ್ಕೆ ಆ ಜನರದೇ ಒಂದು ಕ್ರಮವಿತ್ತು. ಹೊಸದಾಗಿ ಈದ ಹೆಣ್ಣುಕತ್ತೆಯೊಂದರ ಬೆನ್ನಿಗೆ ಹೊರೆ ಹೇರಿ, ಹೊರೆಯ ಜೊತೆಗೆ ತೂತು ಮಾಡಿದ ಬೂದಿಚೀಲವೊಂದನ್ನು ಕಟ್ಟಿ, ಅದನ್ನು ತನ್ನ ಪಾಡಿಗೆ ನಡೆಯಲು ಬಿಡುತ್ತಿದ್ದರು. ಮರಿಯನ್ನು ಮುಂಚೆಯೇ ಗೆರೆ ಮುಗಿಯಬೇಕಾದ ಕಡೆ ಕಟ್ಟಿರುತ್ತಿದ್ದರು. ಮರಿಯ ಕೂಗು ತಾಯಿಯನ್ನು ಮೇಲಕ್ಕೆ ಎಳೆಯುತ್ತದೆ, ಬೆನ್ನಿನ ಭಾರ ಹಿಂದಕ್ಕೆ ಜಗ್ಗುತ್ತದೆ; ಆತುರಕ್ಕೂ ಭಾರಕ್ಕೂ ಎಲ್ಲಿ ರಾಜಿಯಾಗುತ್ತದೋ ಅಲ್ಲಿ ಅದು ಕಾಲಿಡುತ್ತದೆ. ಗುಡ್ಡವನ್ನು ಅಡ್ಡಡ್ಡಲಾಗಿ, ನಿಧಾನವಾಗಿ, ಬಳಸಿ ಬಳಸಿ ಹತ್ತುತ್ತದೆ. ಹಿಂದೆ ಬೂದಿಯ ಗೆರೆ ಬೀಳುತ್ತದೆ. ಕತ್ತೆ ನಡೆದ ಏರಿನಲ್ಲಿ ಎತ್ತು ಎಳೆದೀತು, ಎತ್ತು ಎಳೆದದ್ದರಲ್ಲಿ ಊರು ಬದುಕೀತು ಎಂದು ಅವರ ಮಾತು. ಬಿದ್ದ ಬೂದಿಯನ್ನು ಆಮೇಲೆ ಯಾರೂ ತಿದ್ದುವಂತಿರಲಿಲ್ಲ. ಮತ್ತೊಂದು ಕಟ್ಟಳೆಯೂ ಇತ್ತು. ಕಟ್ಟಿ ಮುಗಿದ ದಾರಿಯಲ್ಲಿ ಮೊದಲ ಹೇರುಗಾಡಿ ಹತ್ತುವಾಗ, ಅದು ಹಿಂದೆ ಜಾರದಂತೆ ಗಾಲಿಗೆ ಕೊಡುವ ಅಡ್ಡಗಲ್ಲನ್ನು ಹಿಡಿದು ಗಾಡಿಯ ಹಿಂದೆ ನಡೆಯಬೇಕಾದವನು ಯಜಮಾನನೇ. ದಾರಿ ಸರಿಯಿದ್ದರೆ ಅವನು ಮೇಲೆ ಹೋಗಿ ವೀಳ್ಯ ತೆಗೆದುಕೊಳ್ಳುತ್ತಾನೆ. ಇಲ್ಲವಾದರೆ ಅದರ ಮೊದಲ ಪೆಟ್ಟು ಅವನಿಗೇ.

ಗುರುತಿನ ದಿನ ತಿಪ್ಪಕ್ಕ ನವಣೆ ಎಂಬ ಕತ್ತೆಯನ್ನು ಹಿಡಿದುಕೊಂಡು ಬುಡದಲ್ಲಿ ಸಿದ್ಧಳಾಗಿ ನಿಂತಿದ್ದಳು. ನವಣೆ ಈದು ಕೆಲವೇ ದಿನವಾಗಿತ್ತು. ಮರಿಗೆ ಇನ್ನೂ ಕಾಲು ನಿಂತಿರಲಿಲ್ಲ, ಅದನ್ನು ಹೊತ್ತು ಮೇಲಕ್ಕೆ ಒಯ್ಯುವುದಷ್ಟೇ ಬಾಕಿಯಿತ್ತು. ಆಗ ಗುಡಿಯ ಪೂಜಾರಿ ಮೈಲಾರಯ್ಯ ಮೇಲಿನಿಂದ ಹೇಳಿಕಳಿಸಿದ. ಗುಡ್ಡ ದೇವಿಯದು, ಗೆರೆ ಅವಳ ಪಾದದಿಂದ ಶುರುವಾಗಬೇಕೇ ಹೊರತು ಬುಡದಿಂದ ಶುರುವಾಗಿ ಅವಳ ಪಾದಕ್ಕೆ ಬಂದು ತಗಲಬಾರದು, ಎಂದು. ಗಾಳೆಪ್ಪ ತಲೆ ಕೆರೆದುಕೊಂಡು ಹೆಂಡತಿಯ ಮುಖ ನೋಡಿದ. ತಿಪ್ಪಕ್ಕ ನಕ್ಕಳು. "ಅಲ್ಲಿಂದ ಇಲ್ಲಿಗಾದ್ರೇನು, ಇಲ್ಲಿಂದ ಅಲ್ಲಿಗಾದ್ರೇನು? ದಾರಿ ಒಂದೇ ಅಲ್ವಾ? ಹತ್ತೋದಕ್ಕೊಂದು ಇಳಿಯೋದಕ್ಕೊಂದು ಕಟ್ಟಿಕೊಡ್ತೀಯಾ?" ಅದು ಅವನಿಗೂ ಸರಿಯೆನಿಸಿತು. ಕ್ರಮದಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಗೆರೆ ಮುಗಿಯುವ ಕಡೆ ಮರಿ ಇರಬೇಕು, ಮರಿ ಬುಡದ ಬಿಡಾರದಲ್ಲೇ ಇತ್ತು. ತಾಯಿಯ ಬೆನ್ನ ಮೇಲೆ ಹೊರೆಯಿರಬೇಕು, ಮೇಲೆ ಕೊಂಡೊಯ್ದು ಅಷ್ಟೇ ಹೊರೆ ಹೇರಿದರು. ದೇವಿಗೆ ಕಾಯಿ ಒಡೆದು ಕತ್ತೆಯನ್ನು ಬಿಟ್ಟರು. ನವಣೆ ಒಮ್ಮೆ ಕಿವಿ ನಿಮಿರಿಸಿತು, ಕೆಳಗಿನಿಂದ ಮರಿಯ ಸಣ್ಣ ದನಿ ಬಂತು, ಅಷ್ಟೇ. ಹಾಲು ಕಟ್ಟಿದ ಕೆಚ್ಚಲು, ಎದುರಿಗೆ ಮರಿ, ಬೆನ್ನ ಮೇಲೆ ಭಾರ. ಹತ್ತುವವಳನ್ನು ತಡೆಯುವ ಭಾರ ಇಳಿಯುವವಳನ್ನು ತಡೆಯುವುದಿಲ್ಲ, ತಳ್ಳುತ್ತದೆ. ನವಣೆ ಬಂಡೆ ಬಳಸಲಿಲ್ಲ, ಗಿಡ ಬಳಸಲಿಲ್ಲ. ನೂಲು ಬಿಟ್ಟಂತೆ ನೆಟ್ಟಗೆ ಇಳಿದು ಮರಿಯ ಮುಂದೆ ನಿಂತಿತು. ಅಂಥ ನೇರವಾದ ಬೂದಿಗೆರೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಜನ ಕೇಕೆ ಹಾಕಿದರು. ನಾಯಕನು ಹೊದ್ದ ಶಾಲನ್ನೇ ತೆಗೆದು ಗಾಳೆಪ್ಪನಿಗೆ ಹೊದಿಸಿದನು. ಮರಿಗೆ ಹಾಲು ಕುಡಿಸುತ್ತಿದ್ದ ಕತ್ತೆಯ ಹಣೆಗೆ ತಿಪ್ಪಕ್ಕ ಕುಂಕುಮ ಇಟ್ಟಳು.

ಕೆಲಸ ಸಾಗಿತು. ಗೆರೆಯ ಮೇಲೆ ಬಂಡೆ ಒಡೆದರು, ಮಣ್ಣು ತುಂಬಿದರು, ಇಕ್ಕೆಲಕ್ಕೂ ಕಲ್ಲು ಕಟ್ಟಿದರು. ಕಾಲುಭಾಗ ಮುಗಿಯುವ ಹೊತ್ತಿಗೆ ತಿಪ್ಪಕ್ಕನ ಕಣ್ಣಿಗೆ ಒಂದು ಸಂಗತಿ ಬಿತ್ತು. ಮಣ್ಣು ಹೊತ್ತ ಕತ್ತೆಗಳು ಹೊಸ ದಾರಿಯ ಮೇಲೆ ನೇರವಾಗಿ ನಡೆಯುತ್ತಿರಲಿಲ್ಲ. ಎಡಗಡೆಯ ಕಲ್ಲಿನವರೆಗೆ ಹೋಗಿ ತಿರುಗಿ, ಬಲಗಡೆಯ ಕಲ್ಲಿನವರೆಗೆ ಹೋಗಿ ಮತ್ತೆ ತಿರುಗಿ, ಇದ್ದ ಅಗಲದಲ್ಲೇ ಹಾವಿನಂತೆ ಹೊರಳಿಕೊಂಡು ಹತ್ತುತ್ತಿದ್ದವು. ನವಣೆಯೂ ಹಾಗೆಯೇ. ತಾನೇ ಎಳೆದ ಗೆರೆಯನ್ನು ಅದು ಹತ್ತಲೊಲ್ಲದು. ತಿಪ್ಪಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಿ ಅಲ್ಲೇ ಕೂತುಬಿಟ್ಟಳು. ಗುರುತಿನ ದಿನ ತಾನು ನಕ್ಕದ್ದು ನೆನಪಾಯಿತು. ಮುದ್ದೆ ಉಣ್ಣುವಾಗ ಗಂಡನಿಗೆ ಹೇಳಿದಳು.

"ಇಲ್ನೋಡು, ಕತ್ತೆಗಳು ಅಡ್ಡಡ್ಡ ಹೋಗ್ತಾವೆ."

"ಕತ್ತೆ ಅಡ್ಡ ಹೋಗದೆ ಪಲ್ಲಕ್ಕಿ ಹಂಗೆ ಹೋಗ್ತಾವಾ?"

"ತಮಾಷೆ ಬ್ಯಾಡ. ಖಾಲಿ ಗಾಡಿನೂ ಹತ್ತಲ್ಲ ಇದು. ಹಿಂದೆ ನಡಿಯೋನು ನೀನು."

ಗಾಳೆಪ್ಪ ತುತ್ತನ್ನು ಸಾರಿನಲ್ಲಿ ಅದ್ದಿ ಹಾಗೆಯೇ ಹಿಡಿದುಕೊಂಡಿದ್ದ. "ಗೊತ್ತು ತಿಪ್ಪಿ," ಎಂದ. "ಬಂಡೆ ಹತ್ತಿ ಇಳಿದು ನನ್ನ ಮೀನಖಂಡಕ್ಕೆ ಗೊತ್ತಾಗಿ ಆಗ್ಲೇ ಭಾಳ ದಿನ ಆಯ್ತು."

ಮರುದಿನ ಅವನನ್ನು ಹೊರಡಿಸಿಕೊಂಡು ಅವಳೇ ನಾಯಕನ ಚಾವಡಿಗೆ ಹೋದಳು. ಬಿಲ್ಲನಾಯಕನು ಕೆಟ್ಟವನಲ್ಲ ಎನ್ನುತ್ತಾರೆ. ದಾರಿಯನ್ನು ತುಸು ಬಳಸಿ ತರೋಣವೆಂದು ಗಾಳೆಪ್ಪ ನೆಲ ನೋಡುತ್ತ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡನು. "ಯಾಕೆ? ನಿಮ್ಮ ಗೆರೆ ತಪ್ಪಿದೆಯೇನು?" ಎಂದು ಕೇಳಿದನು. ಗಾಳೆಪ್ಪ ತಪ್ಪಲ್ಲ ಎಂದ. "ತಪ್ಪಲ್ಲದಿದ್ದರೆ ಬಳಸೋದೇಕೆ? ಬೋವಿ, ನಾನು ಹಟ ಮಾಡೋನಲ್ಲ. ಬೂದಿ ಸುಳ್ಳಾಗಿ ಬಿದ್ದಿದೆ ಅಂತ ನಿನ್ನ ಬಾಯಲ್ಲಿ ಒಂದು ಮಾತು ಆಡು. ನಾಳೆಯೇ ಬೇರೆ ಗುರುತು ಹಾಕಿಸ್ತೀನಿ. ಎರಡು ಬೇಸಿಗೆ ತಡವಾದರೂ ಆಗಲಿ." ಚಾವಡಿಯಲ್ಲಿದ್ದವರೆಲ್ಲ ಗಾಳೆಪ್ಪನ ಬಾಯಿ ನೋಡಿದರು. ಅವನು ಮತ್ತೆ ನೆಲ ನೋಡಿದ. ಕಂಬದ ಹಿಂದೆ ನಿಂತಿದ್ದ ತಿಪ್ಪಕ್ಕ ತಡೆಯಲಾರದೆ ಮುಂದೆ ಬಂದಳು. "ಸುಳ್ಳಾಗೇ ಬಿದ್ದೈತೆ, ನಾಯಕರೇ. ಮರಿ ಕೆಳಗಿತ್ತು. ನಮ್ಮ ಕತ್ತೆ ದಾರಿ ನೋಡ್ಲಿಲ್ಲ, ಮರಿ ನೋಡ್ತು. ಬಿಟ್ಟೋಳು ನಾನೇ." ಪೂಜಾರಿ ಮೈಲಾರಯ್ಯ ಹುಬ್ಬೇರಿಸಿ, "ಕತ್ತೆ ಮನಸ್ಸಿನ ಮಾತು ಕತ್ತೆ ಕಾಯೋರಿಗಲ್ಲದೆ ಮತ್ಯಾರಿಗೆ ತಿಳೀಬೇಕು!" ಎಂದಾಗ ಚಾವಡಿ ಘೊಳ್ಳೆಂದಿತು. ನಾಯಕನು ನಗಲಿಲ್ಲ. ಅವನು ಗಾಳೆಪ್ಪನ ಕಡೆಯೇ ನೋಡುತ್ತಿದ್ದನು. "ನಿನ್ನ ಹೆಂಡತಿ ಹೇಳೋದು ನಿಜವೇ?"

ಗಾಳೆಪ್ಪ ಈಗ ತಲೆಯೆತ್ತಿದ. "ಹೆಂಗಸಿನ ಮಾತು ಬಿಡಿ, ಬುದ್ಧಿ. ಬಿಸಿಲು ತಲೆಗೇರಿದೆ. ಗೆರೆ ಸರಿಯಾಗೇ ಇದೆ."

ಹಿಂತಿರುಗುವಾಗ ಇಬ್ಬರೂ ಹೊಸ ದಾರಿಯನ್ನು ಬಿಟ್ಟು ಆಡು ನಡೆಯುವ ಹಳೆಯ ಜಾಡಿನಲ್ಲೇ ಇಳಿದರು. ತಿಪ್ಪಕ್ಕನಿಗೆ ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಒಂದು ಮಾತಾಡಿದ್ದರೆ ಮುಗಿಯುತ್ತಿತ್ತಲ್ಲ ಎಂದಳು. ಮುಂದೆ ನಡೆಯುತ್ತಿದ್ದ ಅವನು ತಿರುಗದೆಯೇ ಹೇಳಿದ. "ಒಂದು ಗೆರೆ ಸುಳ್ಳು ಅಂದ್ರೆ ಎಲ್ಲಾ ಗೆರೆನೂ ಸುಳ್ಳು ಅಂದಂಗೆ. ನಮ್ಮಪ್ಪ ಹಾಕಿದ್ದು, ಅವರಪ್ಪ ಹಾಕಿದ್ದು. ನಾಳೆ ಯಾವ ಊರೋರು ಕರೀತಾರೆ ನಮ್ಮನ್ನ? ಇಷ್ಟು ಜನ ಏನು ತಿಂತಾರೆ?" ಅವನ ಲೆಕ್ಕ ತಪ್ಪಿರಲಿಲ್ಲ. "ಗಾಡಿ ಹಿಂದಕ್ಕೆ ಬಂದ್ರೆ?" ಎಂದು ಕೇಳಿದಳು. "ಬಂದ್ರೆ ಕಲ್ಲು ಕೊಡ್ತೀನಿ. ಅದಕ್ಕೇ ಅಲ್ವಾ ಯಜಮಾನ ಅನ್ನೋದು." ಸ್ವಲ್ಪ ದೂರ ಹೋದ ಮೇಲೆ ಅವನೇ ಮತ್ತೆ, "ನೀನು ಅಲ್ಲಿ ಮಾತಾಡಬಾರದಿತ್ತು," ಎಂದ. ಆದರೆ ದನಿಯಲ್ಲಿ ಗದರಿಕೆ ಇರಲಿಲ್ಲವಂತೆ.

ಅಂದಿನಿಂದ ತಿಪ್ಪಕ್ಕ ದಾರಿಯ ಮಾತೆತ್ತಲಿಲ್ಲ. ಆದರೆ ಸಂಜೆ ಕೆಲಸ ಬಿಟ್ಟ ಮೇಲೆ, ಜರಡಿ ಹಿಡಿದಂಥ ನಯವಾದ ಮಣ್ಣನ್ನು ಹೆಂಗಸರಿಂದ ಹೊರಿಸಿ, ದಾರಿ ಬುಡ ಮುಟ್ಟುವ ಜಾಗದಲ್ಲಿ ರಾಶಿ ಹಾಕಿಸತೊಡಗಿದಳು. ಗಾಡಿ ಕೈಬಿಟ್ಟು ಉರುಳಿದರೂ ಈ ಮೆದು ಮಣ್ಣು ನುಂಗಿಕೊಳ್ಳುತ್ತದೆ, ಅದರ ಹಿಂದಿದ್ದವನೂ ಬದುಕಿಕೊಂಡಾನು ಎಂದು ಅವಳ ಎಣಿಕೆ. ಮೊದಲ ಗಾಡಿ ಹೊಡೆಯಬೇಕಾಗಿದ್ದ ಹೊನ್ನೆಮರಡಿಯ ಸಿದ್ರಾಮ ಅದನ್ನು ಕಂಡು, "ಏನಕ್ಕಾ, ನನ್ನ ಗಾಡಿಗೆ ಹಾಸಿಗೆ ಹಾಸ್ತಿದ್ದೀಯಾ?" ಎಂದು ಹಾಸ್ಯ ಮಾಡಿದ. "ಗಾಡಿಗಲ್ಲ ಕಣಪ್ಪಾ, ನಿನ್ನ ಬಾಯಿಗೆ. ಅಷ್ಟು ಅಗಲದ್ದು ಮುಚ್ಚೋಕೆ ಇನ್ನೂ ಬೇಕು," ಎಂದಳು. ಹೆಂಗಸರು ನಕ್ಕರು. ಅವಳು ಒಂದು ದಿನ ಅವನನ್ನು ಬೇರೆಯಾಗಿ ಕಂಡು, ಮೂಟೆ ಕಡಿಮೆ ಹೇರು ಎಂದು ಬೇಡಿಕೊಂಡಳು. ಅವನು ಆಗ ಹಾಸ್ಯ ಮಾಡಲಿಲ್ಲ. "ಹೇರಿನ ಮೇಲೆ ಪೂಜಾರಪ್ಪನ ಕಣ್ಣೈತೆ ಅಕ್ಕಾ. ಇಷ್ಟು ಹತ್ತಬೇಕು ಅಂತ ಅವರೇ ಕಟ್ಟಿಸ್ತಾರೆ," ಎಂದು ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ನಿಂತ.

ಮಳೆ ಹಿಡಿಯುವುದಕ್ಕೆ ಮುಂಚೆ ಗಾಡಿ ಹತ್ತಿಸುವ ದಿನ ಬಂತು. ಗಾಳೆಪ್ಪ ಮಿಂದು, ನಾಯಕನು ಕೊಟ್ಟ ಶಾಲನ್ನು ಸೊಂಟಕ್ಕೆ ಬಿಗಿದು, ಅಡ್ಡಗಲ್ಲನ್ನು ಎದೆಗೊತ್ತಿಕೊಂಡು ಗಾಡಿಯ ಹಿಂದೆ ನಿಂತನು. ತಿಪ್ಪಕ್ಕ ಅವನ ಹಣೆಗೆ ಬೂದಿ ಹಚ್ಚಿದಳು. "ಸಂಜೆಗೆ ಹುರುಳಿ ಬೇಯಿಸಿಡು," ಎಂದಷ್ಟೇ ಅವನು ಹೇಳಿದ್ದು. ಸಿದ್ರಾಮ ಕೂಗು ಹಾಕಿದ. ಒಳ್ಳೆಯ ಎತ್ತುಗಳು, ಬುಡದ ಭಾಗವನ್ನು ಒಂದೇ ಉಸಿರಿಗೆ ಹತ್ತಿದವು. ಅರ್ಧ ಕಳೆಯಿತು. ಮೇಲೆ ಕೊಂಬು ಕಹಳೆ ಶುರುವಾಯಿತು. ಕೆಳಗೆ ನಿಂತವರಲ್ಲಿ ಕೆಲವರು ತಿಪ್ಪಕ್ಕನ ಕಡೆ ತಿರುಗಿ, ಸುಮ್ಮನೆ ಹೆದರಿಸಿದೆಯಲ್ಲ ಎನ್ನುವಂತೆ ನಕ್ಕರು. ಅವಳಿಗೂ ಒಂದು ಗಳಿಗೆ, ತಾನೇ ತಪ್ಪಿರಬಹುದು ಎನಿಸಿತು. ಹಾಗೆನಿಸಿದ್ದು ಅವಳ ಬದುಕಿನ ಸುಖದ ಗಳಿಗೆ ಎನ್ನುತ್ತಾರೆ.

ಮುಕ್ಕಾಲು ದಾರಿಯಲ್ಲಿ ಎತ್ತುಗಳು ನಿಂತವು. ದಣಿವಾರಿಸಿಕೊಳ್ಳಲಿ ಎಂದು ಗಾಳೆಪ್ಪ ಗಾಲಿಗೆ ಕಲ್ಲು ಕೊಟ್ಟ. ಕಲ್ಲು ಗಾಡಿಯನ್ನು ಹಿಡಿಯಿತು. ಎತ್ತುಗಳ ಉಸಿರು ತಣಿದ ಮೇಲೆ ಸಿದ್ರಾಮ ಮತ್ತೆ ಕೂಗು ಹಾಕಿದ. ಗಾಡಿ ಮಿಸುಕಲಿಲ್ಲ. ನಡೆಯುತ್ತಿರುವ ಗಾಡಿಯನ್ನು ನಡೆಸಿಕೊಂಡು ಹೋಗುವುದು ಬೇರೆ. ಅಂಥ ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಬೇರೆ. ಎತ್ತುಗಳು ಮೊಣಕಾಲೂರಿದವು, ಎದ್ದವು, ಮತ್ತೆ ಊರಿದವು. ತಳ್ಳಲು ಬಂದ ಗಂಡಸರಿಗೆ ಕಾಲೂರುವ ನೆಲವೇ ಸಿಗದೆ ಜಾರಿ ಜಾರಿ ಹಿಂದೆ ಬಿದ್ದರು. ಮುಂದಕ್ಕೆ ಹೋಗದು, ಹಿಂದಕ್ಕೆ ಬಿಡುವಂತಿಲ್ಲ. ಬಿಸಿಲೇರಿತು. ಮೇಲೆ ಕಹಳೆ ನಿಂತಿತು. ಗಾಲಿಯ ಕೆಳಗೆ ಕಲ್ಲು ಒಂದೊಂದೇ ಚಕ್ಕೆ ಬಿಡತೊಡಗಿದಾಗ ಗಾಳೆಪ್ಪ ಉಳಿದವರನ್ನೆಲ್ಲ ದೂರ ಹೋಗಿರೆಂದು ಗದರಿಸಿ, ತಾನು ಕೂತು, ಎರಡು ಅಂಗಾಲನ್ನೂ ಕಲ್ಲಿಗೆ ಕೊಟ್ಟ. ಮೂಟೆ ಇಳಿಸಿ ಎಂದು ತಿಪ್ಪಕ್ಕ ಕೂಗುತ್ತ ಹತ್ತುತ್ತಿದ್ದಳು. ಅವಳ ಕಾಲುಗಳೂ ತಿಳಿಯದೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಿದ್ದವು. ಸಿದ್ರಾಮ ಮೂಟೆಗೆ ಕೈ ಹಾಕಿದ್ದೂ ಉಂಟು. ಅಷ್ಟರಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಕಡಿದುಹೋಯಿತು. ಎತ್ತುಗಳು ಮುಗ್ಗರಿಸಿ ಮುಂದೆ ಬಿದ್ದು ಉಳಿದುಕೊಂಡವು. ಗಾಡಿ ಗಾಳೆಪ್ಪನ ಮೇಲೆ ಹಾದು, ತಿಪ್ಪಕ್ಕನನ್ನು ದಾಟಿಕೊಂಡು, ನೆಟ್ಟಗಿನ ದಾರಿಯಲ್ಲಿ ನೆಟ್ಟಗೆ ಇಳಿದು, ಅವಳು ಹಾಕಿಸಿದ ಮೆದು ಮಣ್ಣಿನ ರಾಶಿಯಲ್ಲಿ ಅಚ್ಚಿನವರೆಗೆ ಹೂತು ನಿಂತಿತು. ಒಂದು ಮೂಟೆಯೂ ಒಡೆದಿರಲಿಲ್ಲ.

ಅದೇ ಮೂಟೆಗಳನ್ನು ಸಂಜೆ ಆಳುಗಳು ತಲೆಯ ಮೇಲೆ ಹೊತ್ತು ಕೋಟೆಗೆ ಮುಟ್ಟಿಸಿದರು. ಮೊದಲ ಗಾಡಿ ಹತ್ತದ ಮೇಲೆ ಹೊಲದ ಮಾತು ತಾನಾಗಿಯೇ ಬಿದ್ದುಹೋಯಿತು. ಕೇಳುವ ಬಾಯಿಯೂ ಇರಲಿಲ್ಲ. ನಾಯಕನು ಕಟ್ಟಿಸಿದ್ದು ವ್ಯರ್ಥವಾಗಬಾರದೆಂದು ದಾರಿಗೆ ದೇವಿಪಾದದ ಹಾದಿ ಎಂದು ಹೆಸರಿಟ್ಟು ಕಲ್ಲಿನಲ್ಲಿ ಕೆತ್ತಿಸಿದನು. ಬೋವಿ ಜನ ಬಿಡಾರ ಕಿತ್ತರು. ಹೋದಲ್ಲೆಲ್ಲ ಜನ ಕೇಳಿಯೇ ಕೇಳುತ್ತಿದ್ದರು, ಆ ಗುಡ್ಡಕ್ಕೆ ನೆಟ್ಟಗೆ ಬಿದ್ದ ದಾರಿ ನಿಮ್ಮವರದೇನು, ದೇವಿಯೇ ತೋರಿಸಿಕೊಟ್ಟಳಂತಲ್ಲ, ಎಂದು. ಗಂಡಸರು ಹೌದೆನ್ನುತ್ತಿದ್ದರು. ತಿಪ್ಪಕ್ಕ ಮಾತ್ರ, "ಅದು ದಾರಿಯಲ್ಲ. ಕತ್ತೆ ಇಳಿದ ಇಳುಕಲು," ಎನ್ನುತ್ತಿದ್ದಳು. ಗಂಡ ಚಾವಡಿಯಲ್ಲಿ ಆಡಲಾರದೆ ನುಂಗಿದ ಮಾತನ್ನು ಅವಳು ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಕೇಳಿದವರಿಗೆಲ್ಲ ಆಡಿದಳು. ಆ ಮಾತು ಅವಳಿಗಿಂತ ಬೇಗ ಊರುಗಳನ್ನು ಮುಟ್ಟಿತು. ಗಾಳೆಪ್ಪ ಹೆದರಿದ್ದು ಹಾಗೆಯೇ ಆಯಿತು. ಬೂದಿಗೆರೆಯವರು ಬೇಡವೆಂದು ಊರುಗಳು ಬೇರೆಯವರನ್ನು ಕರೆದವು. ನಮ್ಮ ಅನ್ನಕ್ಕೆ ಕಲ್ಲು ಹಾಕಿದಳೆಂದು ಅವಳ ಜನವೇ ಅವಳ ಒಲೆಯನ್ನು ಬಿಡಾರದಿಂದ ಹೊರಗೆ ಇಡಿಸಿದರು. ಸುಳ್ಳಿಗೆ ಗಂಡನನ್ನು ಕೊಟ್ಟವಳು ನಿಜಕ್ಕೆ ತನ್ನವರನ್ನೆಲ್ಲ ಕೊಡಬೇಕಾಯಿತು ಎಂದು ಹೊನ್ನೆಮರಡಿಯ ಹಿರಿಯರು ಹೇಳುತ್ತಾರೆ. ಅವಳು ಎಲ್ಲಿ ತೀರಿಕೊಂಡಳೋ ಯಾರಿಗೂ ತಿಳಿಯದು.

ನಾಯಕನು ಕೆತ್ತಿಸಿದ ಕಲ್ಲು ಈಗಿಲ್ಲ. ಗಾಳೆಪ್ಪನ ಹೆಸರಿನ ಕಲ್ಲನ್ನು ಯಾರೂ ನೆಡಲೇ ಇಲ್ಲ. ಹೋದವರು ಇಂದಿಗೂ ಕಾಣುವುದು ಇಷ್ಟು. ಗಾಡಿ ಹೋಗಲೆಂದು ಕಟ್ಟಿದ ಅಗಲವಾದ ನೇರ ದಾರಿಯ ಒಳಗೇ, ಒಂದು ಗೇಣು ಅಗಲದ ಸವೆದ ಜಾಡೊಂದು ಎಡದ ಕಲ್ಲಿನಿಂದ ಬಲದ ಕಲ್ಲಿಗೆ, ಬಲದಿಂದ ಎಡಕ್ಕೆ ಹೊರಳುತ್ತ ಮೇಲೆ ಹೋಗುತ್ತದೆ. ಅದನ್ನು ಯಾರೂ ಕಡಿದು ಮಾಡಿದ್ದಲ್ಲ. ಹತ್ತಿದವರ ಕಾಲು ತಾನಾಗಿ ಕಂಡುಕೊಂಡದ್ದು. ಮುಕ್ಕಾಲು ದಾರಿಗೆ ಬಂದಾಗ ಎಲ್ಲರಿಗೂ ಉಸಿರು ಕಟ್ಟುತ್ತದೆ, ಒಂದು ಗಳಿಗೆ ಕೂರೋಣವೆಂದು ಕೂರುತ್ತಾರೆ. ಕೂತವರು ಎದ್ದು ಮತ್ತೆ ಹತ್ತುವುದು ಕಡಿಮೆ. ಹೆಚ್ಚಿನವರು ಅಲ್ಲಿಂದಲೇ ಗುಡಿಯ ಕಡೆಗೆ ಕೈಮುಗಿದು, ತಂದ ಕಾಯಿಯನ್ನು ಅಲ್ಲೇ ಬಂಡೆಗೆ ಒಡೆದು, ಇಳಿದುಬಿಡುತ್ತಾರೆ.